ಟೈಪ್ ಮೇಷ್ಟ್ರು ಹೊಡೆಯದ ಸಾಲು

ಅವರ ಎಡಗಿವಿಯ ಹಾಲೆ ಸದಾ ನೀಲಿಯಾಗಿರುತ್ತಿತ್ತು. ಹುಟ್ಟುಮಚ್ಚೆಯಲ್ಲ, ಕಾರ್ಬನ್ ಹಾಳೆಯ ಬಣ್ಣ. ಟೈಪ್ ಹೊಡೆಯುತ್ತ ಯಾವುದಾದರೂ ಮಾತಿಗೆ ತಡವರಿಸಿದರೆ ಅವರ ಕೈ ತಾನಾಗಿ ಕಿವಿಗೆ ಹೋಗುತ್ತಿತ್ತು. ಹಾಲೆಯನ್ನು ಹಿಡಿದು ಎಳೆಯುತ್ತ ಮರದ ಕೊಂಬೆ ನೋಡುತ್ತ ಕೂರುತ್ತಿದ್ದರು. ಮೂವತ್ತು ನಲವತ್ತು ವರ್ಷ ಹೀಗೆ ಎಳೆದೂ ಎಳೆದೂ ಆ ನೀಲಿ ಚರ್ಮದೊಳಕ್ಕೇ ಇಳಿದಿತ್ತು. ಅವರ ಹೆಂಡತಿ ಸೀಗೆಪುಡಿ ಹಾಕಿ ಉಜ್ಜಿ ಸೋತು, "ಶಿವ ನೀಲಕಂಠ ಆದ್ರೆ ನಮ್ಮನೆಯೋರು ನೀಲಕಿವಿ ಕಣಮ್ಮ, ಒಂದು ಗುಡಿ ಕಟ್ಟಿಸ್ಬೇಕು" ಎಂದು ನಗುತ್ತಿದ್ದರು.

ಅರಸೀಕೆರೆಯ ಕೋರ್ಟಿನೆದುರು ಹೊಂಗೆ ಮರದ ಕೆಳಗೆ ಅವರ ಮೇಜು. ಮೇಲೆ ಒಂದು ತಗಡು, ಮೇಜಿನ ಮೇಲೆ ಎರಡು ಟೈಪ್‌ರೈಟರು, ಕನ್ನಡದ್ದೊಂದು, ಇಂಗ್ಲಿಷಿನದೊಂದು. ಎದುರಿಗೆ ಅರ್ಜಿ ಬರೆಸಲು ಬಂದವರಿಗೊಂದು ಸ್ಟೂಲು. ಮನೆ ಇದ್ದದ್ದು ಹಳೇಬೀಡಿನಲ್ಲಿ. ಬೆಳಗಿನ ಮೊದಲ ಬಸ್ಸಿಗೆ ಜಾವಗಲ್ ಮೇಲೆ ಬಂದು ಸಂಜೆ ಕೋರ್ಟು ಎದ್ದಮೇಲೆ ಹೊರಡುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ, ಆದರೂ ಊರಿಗೆಲ್ಲ ಟೈಪ್ ಮೇಷ್ಟ್ರು. ಮಧ್ಯಾಹ್ನ ಕೋರ್ಟು ಊಟಕ್ಕೆ ಬಿಟ್ಟ ಹೊತ್ತಿನಲ್ಲಿ, ಕೇಳಿದವರಿಗೆ ಪುಕ್ಕಟೆ ಟೈಪಿಂಗ್ ಕಲಿಸುತ್ತಿದ್ದುದರಿಂದ ಬಂದ ಹೆಸರು ಅದು.

ನಾನು ಕಲಿತದ್ದೂ ಹಾಗೆಯೇ. ಕಣಕಟ್ಟೆಯಲ್ಲಿ ಹುಟ್ಟಿ, ಮದುವೆಯಾಗಿ ಅರಸೀಕೆರೆಗೆ ಬಂದು, ಅಡುಗೆಮನೆಯಲ್ಲಿ ಕೂತು ಬೇಸರ ಹತ್ತಿದ್ದ ಕಾಲ. ಎರಡು ವರ್ಷ ಮಧ್ಯಾಹ್ನ ಆ ಸ್ಟೂಲಿನ ಮೇಲೆ ಕೂತು ಬೆರಳು ಕುಟ್ಟಿದೆ. ಆ ಕಲಿಕೆಯಿಂದ ಒಂದು ಹೈಸ್ಕೂಲಿನ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಮೊನ್ನೆ ಮೊನ್ನೆ ನಿವೃತ್ತಳಾಗುವವರೆಗೆ ಅದೇ ಕೆಲಸದಲ್ಲಿ ಉಂಡಿದ್ದೇನೆ. ಆ ಋಣ ದೊಡ್ಡದೇ. ಆದರೆ ಈಗ ಬರೆಯುತ್ತಿರುವುದು ಆ ಋಣದ ಬಗ್ಗೆಯಲ್ಲ.

ಮೇಷ್ಟ್ರಿಗೆ ಒಂದು ಹುಚ್ಚಿತ್ತು, ಇಂಗ್ಲಿಷ್ ಮಾತುಗಳ ಮೂಲ ಹುಡುಕುವ ಹುಚ್ಚು. ಬೇಲೂರಿನ ಗುಜರಿ ಅಂಗಡಿಯಲ್ಲಿ ತೂಕಕ್ಕೆ ಕೊಂಡ ದಪ್ಪನೆಯ ನಿಘಂಟೊಂದು ಅವರ ಮೇಜಿನ ಖಾನೆಯಲ್ಲಿರುತ್ತಿತ್ತು. ಪ್ರತಿ ಪದ ಯಾವ ಭಾಷೆಯಿಂದ ಹೊರಟು ಎಲ್ಲೆಲ್ಲಿ ತಿರುಗಿ ಬಂತು ಎಂದು ಬರೆದಿದ್ದ ಪುಸ್ತಕ. ಅವರ ಕೈಗೆ ಬರುವ ಮೊದಲೇ ಅದರ ಮುಂದಿನ ಹಾಳೆಗಳು ಕಡಲೆಕಾಯಿ ಪೊಟ್ಟಣಗಳಾಗಿ ಗುಡಿ ನೋಡಲು ಬಂದವರ ಜೊತೆ ಹೊರಟುಹೋಗಿದ್ದವು. ಉಳಿದ ಪುಸ್ತಕದ ಮೊದಲ ಪದ ಕ್ಯಾಬೇಜ್. "ಎ, ಬಿ ನನ್ನ ಕೇಳ್ಬೇಡಿ. ನಾನು ಸಿ ಇಂದ ಮುಂದಕ್ಕೆ ಓದಿರೋನು" ಎಂದು ದೊಡ್ಡ ಡಿಗ್ರಿ ಹೇಳುವವರ ಗತ್ತಿನಲ್ಲೇ ಹೇಳುತ್ತಿದ್ದರು.

ಆ ಪುಸ್ತಕದಲ್ಲಿ ಅವರಿಗೆ ಅತ್ಯಂತ ಪ್ರಿಯವಾದ ಮಾತು ಕೇಸ್. ನನಗೆ ಅದನ್ನು ಹೇಳಿದ್ದು ಟೈಪ್‌ರೈಟರಿನ ಶಿಫ್ಟ್ ಕೀಲಿ ಕಲಿಸುವಾಗ. ಇದನ್ನೊತ್ತಿದರೆ ದೊಡ್ಡಕ್ಷರ, ಅಪ್ಪರ್ ಕೇಸ್, ಎಂದರು. ಅಕ್ಷರಕ್ಕೂ ಕೇಸಾ ಮೇಷ್ಟ್ರೇ ಎಂದು ನಾನು ನಕ್ಕೆ. ಅಷ್ಟು ಸಾಕಾಯಿತು. ಆ ಮಧ್ಯಾಹ್ನ ಟೈಪಿಂಗ್ ನಡೆಯಲಿಲ್ಲ.

"ಈ ಕೇಸು ಅನ್ನೋದು ನೋಡೋಕೆ ಒಂದೇ ಮೊಕ ಕಣಮ್ಮ, ಆದ್ರೆ ಎರಡು ಮನೆ ಮಕ್ಕಳು. ಒಂದು ಪೆಟ್ಟಿಗೆ ಮನೆತನ, ಇನ್ನೊಂದು ಬೀಳೋ ಮನೆತನ" ಎಂದು ಶುರುಮಾಡಿದರು. ಸೂಟ್‌ಕೇಸು, ಶೋಕೇಸು, ದಿಂಬಿನ ಕೇಸು ಎಲ್ಲ ಪೆಟ್ಟಿಗೆ ಮನೆತನ. ಲ್ಯಾಟಿನ್ನಿನಲ್ಲಿ ಹಿಡಿಯುವುದು ಎಂಬ ಮಾತಿನಿಂದ ಹುಟ್ಟಿದ್ದು. ಅಚ್ಚುಮೊಳೆ ಜೋಡಿಸುತ್ತಿದ್ದವರು ದೊಡ್ಡಕ್ಷರಗಳನ್ನು ಮೇಲಿನ ಪೆಟ್ಟಿಗೆಯಲ್ಲೂ ಚಿಕ್ಕವನ್ನು ಕೆಳಗಿನದರಲ್ಲೂ ಇಡುತ್ತಿದ್ದರಂತೆ, ಹಾಗಾಗಿ ಅಪ್ಪರ್ ಕೇಸು, ಲೋಯರ್ ಕೇಸು. ದುಡ್ಡಿಗೆ ಕ್ಯಾಷ್ ಅನ್ನುವುದೂ ಅದೇ ಪೆಟ್ಟಿಗೆಯಿಂದ ಎದ್ದು ಬಂದ ಮಾತು. ಕೋರ್ಟಿನ ಕೇಸು, ಹೆರಿಗೆ ಕೇಸು, ಆಕ್ಸಿಡೆಂಟ್ ಕೇಸು ಮಾತ್ರ ಬೇರೆ ಸಂತಾನ. ಲ್ಯಾಟಿನ್ನಿನಲ್ಲಿ ಬೀಳುವುದು ಎಂಬ ಮಾತಿನಿಂದ ಬಂದು, ಫ್ರೆಂಚರ ಬಾಯಿ ದಾಟಿ, ಇಂಗ್ಲಿಷಿಗೆ ಸೇರಿದ್ದು. ಮನುಷ್ಯನ ಮೇಲೆ ಬಂದು ಬಿದ್ದದ್ದು, ಅಂದರೆ ನಡೆದದ್ದು.

ವ್ಯಾಕರಣದಲ್ಲಿ ವಿಭಕ್ತಿಗೂ ಕೇಸ್ ಅನ್ನುತ್ತಾರಲ್ಲ, ಅದ್ಯಾವ ಮನೆತನ ಎಂದು ನಾನು ಬುದ್ಧಿವಂತಿಕೆ ತೋರಿಸಿದೆ.

"ಅದೂ ಬೀಳೋದೇ. ಹೆಸರು ಅನ್ನೋದು ನೆಟ್ಟಗೆ ನಿಂತಿರ್ತದೆ. ಅದಕ್ಕೆ ಇಂದ, ಗೆ, ಅಲ್ಲಿ ಅಂತ ಸೇರಿಸು, ಒಂದು ಕಡೆಗೆ ವಾಲ್ತದೆ. ಗ್ರೀಕರು ಅದನ್ನ ಬಿತ್ತು ಅಂದ್ರಂತೆ. ನೀನು ನಾಳೆ ಕೆಲಸಕ್ಕೆ ಸೇರಿ ಹಾಕ್ತೀಯಲ್ಲ ಕ್ಯಾಶುಯಲ್ ಲೀವು, ಅದೂ ಇದೇ ವಂಶ, ಅಕಸ್ಮಾತ್ ಬಿದ್ದದ್ದು" ಎಂದರು. ಆಮೇಲೆ ಕಿವಿ ಎಳೆದುಕೊಳ್ಳುತ್ತ ಹೇಳಿದರು: "ಎಲ್ಲಿಯ ಲ್ಯಾಟಿನ್ನು, ಎಲ್ಲಿಯ ನಾವು. ಆದ್ರೆ ನಮ್ಮಲ್ಲೂ ಹಂಗೇ ಅಲ್ವಾ? ಕನಸು ಬೀಳ್ತದೆ. ಕಣ್ಣಿಗೆ ಬೀಳ್ತದೆ, ಕಿವಿಗೆ ಬೀಳ್ತದೆ."

ಇದು ಬರೀ ಪಾಂಡಿತ್ಯವಾಗಿದ್ದರೆ ಕೇಳಿ ಮರೆಯಬಹುದಿತ್ತು. ಅವರು ತಮ್ಮ ಕಸುಬನ್ನೇ ಅದರ ಮೇಲೆ ಕಟ್ಟಿಕೊಂಡಿದ್ದರು. ಅರ್ಜಿ ಬರೆಸಲು ಬಂದವರು ಒಂದೊಂದು ಮಾತು ಹೇಳಿದಾಗಲೂ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೇಳುವರು: "ಕಣ್ಣಿಗೆ ಬಿತ್ತಾ, ಕಿವಿಗೆ ಬಿತ್ತಾ?" ಕಣ್ಣಿಗೆ ಅಂದರೆ ಹಾಗೇ ಹೊಡೆಯುವರು. ಕಿವಿಗೆ ಅಂದರೆ 'ಇಂಥವರಿಂದ ಕೇಳಿ ತಿಳಿದಿರುತ್ತೇನೆ' ಎಂದು ಹೊಡೆಯುವರು. ಎರಡೂ ಅಲ್ಲವಾದರೆ ಕೈ ತೊಡೆಯ ಕೆಳಗಿನಿಂದ ಈಚೆಗೆ ಬರುತ್ತಲೇ ಇರಲಿಲ್ಲ.

ಒಮ್ಮೆ ಗಂಡಸಿ ಕಡೆಯ ಒಬ್ಬ ರೈತ ಬಂದು ಕೂತ. ಪಕ್ಕದ ಮನೆಯವನು ನನ್ನ ಮೇಕೆಗೆ ವಿಷ ಹಾಕಿದ್ದಾನೆ, ಹಿಂದಿನ ದಿನ ಹೆದರಿಸಿದ್ದಾನೆ, ಅವನಪ್ಪನೂ ಹೀಗೇ ಇದ್ದ ಎಂದು ಅರ್ಧ ಗಂಟೆ ಕೂಗಾಡಿದ. ಮೇಷ್ಟ್ರು ಪ್ರತಿಯೊಂದಕ್ಕೂ ಕೇಳಿದರು, ಅವನು ಪ್ರತಿಯೊಂದಕ್ಕೂ "ಇಲ್ಲ ಸಾಮಿ, ಆದ್ರೂ ಅವನೇಯ" ಅಂದ. ಕೊನೆಗೆ ಹಾಳೆ ತೆಗೆದುಕೊಟ್ಟರು. ವಿಳಾಸ ಬಿಟ್ಟರೆ ಅದರಲ್ಲಿದ್ದದ್ದು ಒಂದೇ ಸಾಲು: 'ನನ್ನ ಮೇಕೆ ಸತ್ತಿರುತ್ತದೆ.'

"ಇಷ್ಟೇಯಾ?" ಅಂದ ಅವನು.

"ಬಿದ್ದಿರೋದು ಮೇಕೆ ಒಂದೇ ಕಣಪ್ಪ" ಅಂದರು ಮೇಷ್ಟ್ರು.

ಅವನು ಹಾಳೆ ಮಡಿಚಿ ಜೇಬಿಗಿಟ್ಟುಕೊಂಡು ನೇರ ಪಕ್ಕದ ಟೈಪಿಸ್ಟನ ಮುಂದೆ ಕೂತ. ಅಲ್ಲಿ ಎರಡು ಪುಟ ಆಯಿತು. ನಮ್ಮ ಕಡೆ ಅರ್ಜಿ ಅಂದರೆ ಹಾಗೆಯೇ. ಬೇಲಿ ಜಗಳಕ್ಕೂ 'ಅವಾಚ್ಯ ಶಬ್ದಗಳಿಂದ ನಿಂದಿಸಿ ಪ್ರಾಣಬೆದರಿಕೆ ಹಾಕಿರುತ್ತಾನೆ' ಎಂಬ ಸಾಲು ಇರಲೇಬೇಕು. ಆ ಮನುಷ್ಯ ಬಾಯೇ ಬಿಟ್ಟಿರುವುದಿಲ್ಲ, ಮುಖ ತಿರುಗಿಸಿಕೊಂಡು ಹೋಗಿರುತ್ತಾನೆ ಅಷ್ಟೆ. ಇದಕ್ಕೆ ಖಾರ ಹಾಕುವುದು ಅನ್ನುತ್ತಾರೆ. ಖಾರವಿಲ್ಲದಿದ್ದರೆ ಕೇಸು ಸಪ್ಪೆ. ಬರೆಸುವವನಿಗೂ ಗೊತ್ತು, ಬರೆಯುವವನಿಗೂ ಗೊತ್ತು, ಓದುವವರಿಗೂ ಗೊತ್ತು ಅನ್ನುವ ಧೈರ್ಯದ ಮೇಲೆ ನಡೆಯುವ ಸುಳ್ಳು ಅದು. ಯಾರಿಗೂ ಅದು ಸುಳ್ಳು ಅನ್ನಿಸುವುದೂ ಇಲ್ಲ. ಖಾರ ಹಾಕದ ಮೇಷ್ಟ್ರ ಮುಂದೆ ಎಂದೂ ಜನ ಹೆಚ್ಚಿರಲಿಲ್ಲ.

ಇನ್ನು ನನ್ನ ಕೇಸು.

ಅಮ್ಮ ಎರಡು ವರ್ಷ ಲಕ್ವ ಹೊಡೆದು ಕಣಕಟ್ಟೆಯ ಮನೆಯಲ್ಲಿ ಮಲಗಿದ್ದಳು. ನೋಡಿಕೊಂಡವನು ನನ್ನ ಅಣ್ಣ. ಅತ್ತಿಗೆಗೆ ಬೆನ್ನುನೋವು, ಹಾಗಾಗಿ ಎತ್ತುವುದು, ತೊಳೆಯುವುದು, ಉಣಿಸುವುದು ಎಲ್ಲ ಅವನೇ. ನಾನು ತಿಂಗಳಿಗೊಂದು ಭಾನುವಾರ ಮೂಸಂಬಿ ತೆಗೆದುಕೊಂಡು ಹೋಗಿ, ಸಂಜೆ ಬಸ್ಸಿಗೆ ವಾಪಸು ಬರುತ್ತಿದ್ದೆ. ಕೊನೆಯ ಎರಡು ತಿಂಗಳು ಅಮ್ಮ ಯಾರು ಕೊಟ್ಟರೂ ತಿನ್ನಲಿಲ್ಲ. ಕಡ್ಡಿಯಾಗಿ ಹೋದಳು.

ಅವಳ ವರ್ಷದ ತಿಥಿಯ ದಿನ, ಎಲೆ ಎತ್ತಿದ ಮೇಲೆ, ಚಿಕ್ಕಪ್ಪನ ಮಗ ಮಾತಿಗೆ ಮಾತು ಬಂದು, ಅಪ್ಪನ ತೆಂಗಿನ ತೋಟದ ಖಾತೆ ಅಣ್ಣನ ಹೆಸರಿಗಾದದ್ದನ್ನು ಹೇಳಿದ. ಅಮ್ಮ ಬದುಕಿದ್ದಾಗಲೇ ಹೆಬ್ಬೆಟ್ಟು ಒತ್ತಿಕೊಟ್ಟಿದ್ದಳಂತೆ. ನನಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಅದೇ ದಿನ ಅತ್ತಿಗೆ ಚೀಲದ ತುಂಬ ತೋಟದ ಕಾಯಿ ಹಾಕಿ ನಗುನಗುತ್ತ ಕಳಿಸಿದ್ದಳು. ಬಸ್ಸಿನಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಸಿಟ್ಟು ಸುಳ್ಳಲ್ಲ. ಇವತ್ತಿಗೂ ಹೇಳುತ್ತೇನೆ, ಆ ತೋಟದಲ್ಲಿ ನನಗೆ ಪಾಲಿತ್ತು, ಕೇಳಿದ್ದು ತಪ್ಪಲ್ಲ.

ವಕೀಲರು, ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಟೈಪ್ ಮಾಡಿಸಿ ತನ್ನಿ ಎಂದರು. ನಮ್ಮ ಓರಗಿತ್ತಿ ಹಿಂದಿನ ದಿನವೇ ಬುದ್ಧಿ ಹೇಳಿದ್ದಳು: "ಬರೀ ಹಕ್ಕು ಹಕ್ಕು ಅಂದ್ರೆ ಯಾರ್ ಕೇಳ್ತಾರೆ? ನಿಮ್ಮಮ್ಮ ಕಡ್ಡಿ ಆಗಿರ್ನಿಲ್ವಾ? ಅನ್ನ ಹಾಕ್ನಿಲ್ಲ ಅಂತ ಒಂದು ಸಾಲು ಹಾಕ್ಸು. ಅಲ್ಲಿಗೆ ಕೇಸು ನಿಂತ್ಕಂತದೆ."

ನಾನೇ ಟೈಪ್ ಮಾಡಬಹುದಿತ್ತು. ಆದರೆ ಮನೆಯ ಜಗಳವನ್ನು ಆಫೀಸಿನ ಯಂತ್ರದಲ್ಲಿ ಹೊಡೆಯುವುದು ಬೇಡ ಅನ್ನಿಸಿತು, ಹಾಗಾಗಿ ಮೇಷ್ಟ್ರ ಮುಂದೆ ಕೂತು ಹೇಳುತ್ತ ಹೋದೆ. ಅಪ್ಪನ ಹೆಸರು, ತೋಟ, ಖಾತೆಯಾದದ್ದು, ನನಗೆ ಹೇಳದೆ ಇದ್ದದ್ದು, ಯಾರಿಂದ ತಿಳಿದದ್ದು. ಎಲ್ಲ ಸರಾಗವಾಗಿ ಹೊಡೆದರು. ಆಮೇಲೆ ನಾನು ಹೇಳಿದೆ: 'ಸದರಿ ನನ್ನ ಅಣ್ಣನು ಹಾಸಿಗೆ ಹಿಡಿದಿದ್ದ ತಾಯಿಗೆ ಅನ್ನ, ಔಷಧಿ ಕೊಡದೆ ಹಿಂಸಿಸಿ ಹೆಬ್ಬೆಟ್ಟು ಒತ್ತಿಸಿಕೊಂಡಿರುತ್ತಾನೆ.'

ಕೈಗಳು ತೊಡೆಯ ಕೆಳಕ್ಕೆ ಹೋದವು.

"ಕಣ್ಣಿಗೆ ಬಿತ್ತಾ?"

"ಮೇಷ್ಟ್ರೇ, ನನಗೂ ಅದೇ ಕೇಳ್ತೀರಾ?"

"ಕಿವಿಗೆ?"

"ಎಲ್ಲರೂ ಹಾಕ್ತಾರೆ. ಇಡೀ ಕೋರ್ಟಲ್ಲಿ ಈ ಸಾಲು ಇಲ್ಲದ ಅರ್ಜಿ ತೋರಿಸಿ."

"ಹಾಕ್ತಾರೆ. ಆದ್ರೆ ನಿಮ್ಮಣ್ಣ ಅದನ್ನ ಓದ್ತಾನಲ್ಲಮ್ಮ" ಎಂದರು. "ಇದಿಲ್ದೆ ಇದ್ರೂ ನೀನು ಗೆಲ್ತೀಯ. ಇಲ್ಲಿಗಂಟ ಬರೆದಿರೋದ್ರಲ್ಲೇ ನಿನ್ನ ಪಾಲು ಐತೆ."

ನನ್ನ ನಾಲಿಗೆ ಮೊದಲಿನಿಂದಲೂ ನನ್ನ ಶತ್ರು. ಸುತ್ತ ಜನ ಇದ್ದರು, ಪಕ್ಕದ ಮೇಜಿನವರು ಕಿವಿ ನೆಟ್ಟಗೆ ಮಾಡಿಕೊಂಡಿದ್ದರು. "ನಿಮ್ಮ ಕೆಲಸ ಟೈಪ್ ಹೊಡೆಯೋದು, ನ್ಯಾಯ ಹೇಳೋದಲ್ಲ. ಇಷ್ಟು ವರ್ಷದಲ್ಲಿ ಒಂದು ಕೇಸಾದರೂ ಗೆದ್ದ ಅರ್ಜಿ ಬರೆದಿದ್ದೀರಾ? ಅದಕ್ಕೇ ನೀವು ಇಲ್ಲಿ ನೊಣ ಹೊಡೀತಾ ಕೂತಿರೋದು" ಎಂದುಬಿಟ್ಟೆ. ನನಗೆ ಅನ್ನದ ದಾರಿ ತೋರಿಸಿದ ಮನುಷ್ಯನಿಗೆ ಆಡಿದ ಮಾತು ಇದು.

ಅವರು ಹಾಳೆಯನ್ನು ಹರಿಯದಂತೆ ಯಂತ್ರದಿಂದ ಬಿಡಿಸಿ, ಕಾರ್ಬನ್ ಪ್ರತಿಯ ಸಮೇತ ನನ್ನ ಕೈಗೆ ಕೊಟ್ಟರು. ನಾನು ಅದನ್ನು ರಸ್ತೆಯಾಚೆಯ ಕಂಪ್ಯೂಟರ್ ಅಂಗಡಿಗೆ ಒಯ್ದೆ. ಅಲ್ಲಿಯ ಹುಡುಗಿ ನಾನು ಹೇಳಿದ ಸಾಲನ್ನು ತಲೆ ಎತ್ತದೆ ಕುಟ್ಟಿದಳು. ದಪ್ಪಕ್ಷರ ಮಾಡ್ಲಾ ಆಂಟಿ ಎಂದು ಕೇಳಿದಳು.

ಆ ಸಾಲು ಹಾಳೆಯಿಂದ ವಕೀಲರ ದಾವೆಗೆ ಹೋಯಿತು, ದಾವೆಯಿಂದ ನನ್ನ ಪ್ರಮಾಣಪತ್ರಕ್ಕೆ ಬಂತು. ಒಂದು ದಿನ ನಾನು ಕಟಕಟೆಯಲ್ಲಿ ನಿಂತಿದ್ದೆ. ಅಣ್ಣನ ಕಡೆಯ ವಕೀಲರು ಕೇಳಿದರು, ತಾಯಿಗೆ ಅನ್ನ ಹಾಕದೆ ಇದ್ದದ್ದನ್ನು ನೀವು ಕಣ್ಣಾರೆ ನೋಡಿದ್ದೀರಾ? ಇಲ್ಲ ಅಂದರೆ ಕೇಸು ಬಿದ್ದುಹೋಗುತ್ತದೆ ಎಂಬ ಭಯ. ಹೌದು, ನೋಡಿದ್ದೇನೆ ಎಂದೆ. ಬಾಗಿಲ ಬಳಿ ಬಿಳಿ ಅಂಗಿ ತೊಟ್ಟು ನಿಂತಿದ್ದ ಅಣ್ಣ ನನ್ನತ್ತ ನೋಡಲಿಲ್ಲ. ತನ್ನ ಅಂಗೈಗಳನ್ನು ನೋಡಿಕೊಂಡ.

ಮುಂದಿನ ತಾರೀಖಿಗೆ ಅವನೇ ರಾಜಿಗೆ ಬಂದ. ವಾದವೇ ಬೇಡ ಅಂದನಂತೆ. ನ್ಯಾಯಾಧೀಶರ ಮುಂದೆ ಕೈ ಮುಗಿದು, "ಅವಳ ಪಾಲು ಅವಳಿಗೆ ಬರಕೊಡ್ತೀನಿ ಸಾಮಿ. ಬೇಕಂದ್ರೆ ನಂದೂ ತಗೊಳ್ಳಿ. ಆ ಅನ್ನದ ಸಾಲೊಂದ ಕಾಗದದಿಂದ ತೆಗೆಸ್ಬಿಡಿ" ಅಂದ. ನ್ಯಾಯಾಧೀಶರು ಒಳ್ಳೆಯವರು, ಸಮಾಧಾನವಾಗಿ ಹೇಳಿದರು, ರಾಜಿಯಾದ ಮೇಲೆ ಆ ಮಾತಿಗೆಲ್ಲ ಬೆಲೆಯಿಲ್ಲಪ್ಪ, ಯಾರೂ ಓದುವುದಿಲ್ಲ.

"ಬೆಲೆ ಇಲ್ಲ ಅಂದ್ಮೇಲೆ ತೆಗೀಬೌದಲ್ವಾ ಸಾಮಿ?" ಅಂದ ಅಣ್ಣ.

ತೆಗೆಯಲು ಬರುವುದಿಲ್ಲ ಎಂದು ವಕೀಲರು ಅವನ ತೋಳು ಹಿಡಿದು ಈಚೆಗೆ ಕರೆದುಕೊಂಡು ಹೋದರು. ನಾನು ಗೆದ್ದಿದ್ದೆ. ಓರಗಿತ್ತಿ ಮನೆಯಲ್ಲಿ ಪಾಯಸ ಮಾಡಿದ್ದಳು. ನಾನು ಲೋಟವನ್ನು ಹಾಗೇ ಮುಚ್ಚಿಟ್ಟೆ.

ಆಮೇಲೆ ಎರಡು ವರ್ಷ ನಾನು ಕೋರ್ಟಿನ ರಸ್ತೆ ಬಿಟ್ಟು ಸುತ್ತು ಬಳಸಿ ಓಡಾಡಿದೆ. ತೋಟದಲ್ಲಿ ನನ್ನ ಪಾಲಿಗೆ ಬಂದ ಮರಗಳ ಕಾಯಿ ಬರುತ್ತಿತ್ತು, ತವರಿನಿಂದ ಮಾತ್ರ ಯಾರೂ ಬರಲಿಲ್ಲ. ಗೌರಿ ಹಬ್ಬಕ್ಕೆ ಬಾಗಿನ ನಿಂತಿತು. ನನ್ನ ಮಗಳ ಮದುವೆಗೆ ಪತ್ರಿಕೆ ಕಳಿಸಿದ್ದೆ. ಸೋದರಮಾವ ನಿಲ್ಲಬೇಕಾದ ಜಾಗದಲ್ಲಿ ನನ್ನ ಗಂಡನ ಸ್ನೇಹಿತರೊಬ್ಬರು ನಿಂತರು. ಅವತ್ತು ತಾಳಿ ಕಟ್ಟುವ ಹೊತ್ತಿನಲ್ಲಿ ನಾನು ಅತ್ತದ್ದನ್ನು ನೋಡಿ ಎಲ್ಲರೂ ಮಗಳಿಗಾಗಿ ಅಂದುಕೊಂಡರು.

ಮದುವೆ ಮುಗಿದ ವಾರಕ್ಕೆ ಹೊಂಗೆ ಮರದ ಕೆಳಗೆ ಹೋದೆ. ಮೇಷ್ಟ್ರು ಬಹಳ ಇಳಿದಿದ್ದರು. ಕಂಪ್ಯೂಟರ್ ಅಂಗಡಿಗಳ ನಡುವೆ ಅವರದೊಂದೇ ಟಕಟಕ ಸದ್ದು ಉಳಿದಿತ್ತು. "ಕೂತ್ಕೊಳಮ್ಮ" ಅಂದರು, ನಿನ್ನೆ ಎದ್ದುಹೋದವಳಿಗೆ ಹೇಳಿದ ಹಾಗೆ. ಕ್ಷಮಿಸಿ ಎಂದು ಹೇಳಲು ಬಾಯಿ ತೆಗೆದರೆ ಕೈ ಅಡ್ಡ ಹಿಡಿದರು. ನಾನು ಎಲ್ಲ ಹೇಳಿದೆ, ಕಟಕಟೆಯಲ್ಲಿ ಹೌದು ಅಂದದ್ದನ್ನೂ ಹೇಳಿದೆ. ಕೋರ್ಟಿಗೆ ಒಂದು ಅಫಿಡವಿಟ್ಟು ಬರೆದುಕೊಡಿ, ಆ ಸಾಲು ಸುಳ್ಳು ಅಂತ ಹಾಕುತ್ತೇನೆ ಎಂದೆ.

"ಕೋರ್ಟಿಗೆ ಹೊಟ್ಟೆ ಉರೀತಿಲ್ಲ ಕಣಮ್ಮ, ನಿಮ್ಮಣ್ಣಂಗೆ ಉರೀತಿರೋದು. ಅವನಿಗೆ ಬರಿ. ಟೈಪ್ ಬೇಡ, ಕೈಲಿ ಬರಿ. ನಾಕು ಸಾಲು ಸಾಕು. ಅಂಚೆಗೂ ಹಾಕ್ಬೇಡ, ನಾನೇ ಕಣಕಟ್ಟೆ ಬಸ್ಸು ಹತ್ತಿ ಕೊಟ್ಟು ಬತ್ತೀನಿ."

ನಾಳೆಯೇ ತರುತ್ತೇನೆ ಎಂದು ಬಂದೆ. ಅವತ್ತು ಸಂಜೆ ಹಾಳೆ ಇಟ್ಟುಕೊಂಡು ಕೂತೆ. 'ಅಣ್ಣನಿಗೆ' ಎಂದು ಬರೆದು ನಿಂತೆ. ನಡೆದದ್ದನ್ನು ಬರೆಯಹೊರಟರೆ ನಾನು ಮಾಡಿದ್ದು ಹಾಳೆಯ ಮೇಲೆ ಕಣ್ಣಿಗೆ ಕಾಣುತ್ತಿತ್ತು. ಸಮಜಾಯಿಷಿ ಬರೆದರೆ ಮತ್ತೊಂದು ಅರ್ಜಿಯಾಗುತ್ತಿತ್ತು. ಯುಗಾದಿ ಕಳೆಯಲಿ ಅಂದುಕೊಂಡೆ, ಮಗಳ ಹೆರಿಗೆ ಆಗಲಿ ಅಂದುಕೊಂಡೆ, ಮೊಮ್ಮಗುವಿನ ನಾಮಕರಣಕ್ಕೆ ಕರೆಯುವಾಗ ಜೊತೆಯಲ್ಲೇ ಬರೆದರಾಯಿತು ಅಂದುಕೊಂಡೆ. ದಾರಿಯಲ್ಲಿ ಸಿಕ್ಕಾಗಲೆಲ್ಲ ಮೇಷ್ಟ್ರು, "ಬರೆದ್ಯಾ?" ಅನ್ನುತ್ತಿದ್ದರು. ಮೂರು ನಾಲ್ಕು ಸಲ ಕೇಳಿದರು. ಆಮೇಲೆ ಕೇಳುವುದು ಬಿಟ್ಟು ಮೊಮ್ಮಗುವಿನ ಆರೋಗ್ಯ ವಿಚಾರಿಸತೊಡಗಿದರು. ಅದು ನನಗೆ ಇನ್ನೂ ಕಷ್ಟವಾಯಿತು.

ಹೋದ ವರ್ಷ ಒಂದು ಬೆಳಿಗ್ಗೆ ಅವರ ಹೆಂಡತಿ ಕಾಫಿ ತೆಗೆದುಕೊಂಡು ಹೋದಾಗ ಎದ್ದಿರಲಿಲ್ಲವಂತೆ. ಸುದ್ದಿ ತಿಳಿದು ಹಳೇಬೀಡಿಗೆ ಹೋದೆ. ಸಣ್ಣ ಮನೆ, ಜಗಲಿಯ ತುಂಬ ಜನ. ನಾನು ಅವರ ಕಾಲಿಗೆ ನಮಸ್ಕಾರ ಮಾಡಿ ಎದ್ದು ನೋಡಿದರೆ ಎದುರು ಗೋಡೆಗೆ ಒರಗಿ ನನ್ನ ಅಣ್ಣ ನಿಂತಿದ್ದ. ಅವನಿಗೂ ಮೇಷ್ಟ್ರಿಗೂ ಏನು ಸಂಬಂಧ ಎಂದು ನನಗೆ ಅರ್ಥವಾಗಲಿಲ್ಲ. ಅವರ ಮಗನೇ ಹೇಳಿದ, ಅಪ್ಪ ಎರಡು ಮೂರು ಸಲ ಕಣಕಟ್ಟೆಗೆ ಹೋಗಿ ಇವರ ಮನೆಯಲ್ಲಿ ಊಟ ಮಾಡಿಕೊಂಡು ಬಂದಿದ್ದರು ಎಂದು.

ಮಣ್ಣು ಮುಗಿಸಿಕೊಂಡು ಎಲ್ಲರೂ ಬಸ್‌ ಸ್ಟ್ಯಾಂಡಿಗೆ ನಡೆದೆವು. ಅಣ್ಣ ನನ್ನಿಂದ ಹತ್ತು ಹೆಜ್ಜೆ ಮುಂದಿದ್ದ. ಬೆನ್ನು ಬಾಗಿತ್ತು, ನಡಿಗೆ ಥೇಟು ಅಪ್ಪನದೇ. ಜಾವಗಲ್ ಕಡೆಯ ಬಸ್ಸು ಬಂದಾಗ ಅವನು ಹತ್ತುವ ಬದಲು ನಿಂತ. ತಿರುಗಿ, ನನ್ನ ಮುಖ ನೋಡದೆ, ನನ್ನ ಕಾಲ ಬಳಿಯ ನೆಲ ನೋಡುತ್ತ ಹೇಳಿದ: "ಮೇಷ್ಟ್ರು ಹೇಳಿದ್ರು, ನಿನ್ ತಂಗಿ ಕಾಗದ ಬರೀತಾಳೆ, ವಸಿ ತಡ ಆಯ್ತದೆ, ಕಾಯಿ ಅಂತ. ಕಾಯ್ತಾ ಇವ್ನಿ."

ಕೇಸಾದ ಮೇಲಿನ ಎಂಟು ವರ್ಷದಲ್ಲಿ ನನ್ನ ಜೊತೆ ಅವನು ಆಡಿದ ಮಾತು ಅದೊಂದೇ. ಅವನು ಬಸ್ಸು ಹತ್ತಿದ. ನಾನೂ ಅದೇ ಬಸ್ಸಿಗೆ ಹೋಗಬೇಕಿತ್ತು. ಹತ್ತಲಿಲ್ಲ, ಮುಂದಿನ ಬಸ್ಸಿಗೆ ಬಂದೆ.

ಟೈಪ್ ಮೇಷ್ಟ್ರ ಬಗ್ಗೆ ಬರೆಯಬೇಕು ಎಂದು ಬೆಳಿಗ್ಗೆ ಕೂತವಳು ಇಷ್ಟುದ್ದ ಬರೆದಿದ್ದೇನೆ, ಒಂದು ಕಡೆಯೂ ಕೈ ತಡೆಯಲಿಲ್ಲ. ಅವರು ಕೇಳಿದ ನಾಲ್ಕು ಸಾಲು ಮಾತ್ರ ಇನ್ನೂ ಆಗಿಲ್ಲ. ಅಣ್ಣನಿಗೆ ಈ ಶ್ರಾವಣಕ್ಕೆ ಎಪ್ಪತ್ತೆರಡು ತುಂಬುತ್ತದೆ.